ಮಗ್ಗ ನಿಲ್ಲಿಸಬೇಕಾಗಿ ವಿನಂತಿ

ಕಾಶಪ್ಪನ ಕೇಬಲ್ಲಿಗೆ ಒಂದು ಕೆಟ್ಟ ಚಾಳಿಯಿತ್ತು. ಧಾರಾವಾಹಿಯಲ್ಲಿ ಸೊಸೆ ಅತ್ತೆಯ ಎದುರು ನಿಂತು ಇನ್ನೇನು ನಿಜ ಹೇಳಬೇಕು, ಅಷ್ಟರಲ್ಲಿ ಪರದೆ ನೀಲಿಯಾಗಿ ಟಿವಿ ಮೂಕವಾಗುತ್ತಿತ್ತು. ಬನಹಟ್ಟಿಯ ನಾಲ್ಕಾರು ಓಣಿಗಳ ಹೆಂಗಸರು ಆಗ ಒಂದೇ ದನಿಯಲ್ಲಿ ಕಾಶಪ್ಪನ ಹೆಸರು ಹಿಡಿದು ಬೈಯುತ್ತಿದ್ದರು. ಕಾಶಪ್ಪ ಹೆಗಲಿಗೆ ವೈರಿನ ಸುರುಳಿ ಹಾಕಿಕೊಂಡು, ಏಣಿ ಹೊತ್ತು, ಮಾಳಿಗೆಯಿಂದ ಮಾಳಿಗೆಗೆ ದಾಟಿ, ಎಲ್ಲಿ ಮಂಗ ಜಗ್ಗಿದೆ, ಎಲ್ಲಿ ಇಲಿ ಕಡಿದಿದೆ ಎಂದು ಹುಡುಕಿ ಗಂಟು ಹಾಕುವಷ್ಟರಲ್ಲಿ ಸೊಸೆ ನಿಜ ಹೇಳಿ, ಅತ್ತೆ ಮೂರ್ಛೆ ಹೋಗಿ, ಸಾಬೂನಿನ ಜಾಹೀರಾತು ಬರುತ್ತಿತ್ತು.

ಕಾಂಚನಾ ಇದನ್ನೆಲ್ಲ ತಡೆದುಕೊಳ್ಳುವ ಹೆಂಗಸಲ್ಲ. ದಿನವಿಡೀ ನಾಲ್ಕು ಪಾವರ್‌ಲೂಮಿನ ನಡುವೆ ನಿಂತು ಕಡಿದ ಎಳೆ ಗಂಟು ಹಾಕುವವಳಿಗೆ ಸಂಜೆ ಅರ್ಧ ತಾಸಿನ ಧಾರಾವಾಹಿಯೂ ಕಡಿದೇ ಸಿಗಬೇಕೆಂದರೆ ಯಾರಿಗಾದರೂ ಸಿಟ್ಟು ಬಂದೀತು.

"ಸಾಕಾತು ನನಗ. ನಾವೂ ಛತ್ರಿ ಹಾಕಸೂಣು," ಎಂದು ಗಂಡ ರಾಜಕುಮಾರನಿಗೆ ಹೇಳಿದಳು. ಛತ್ರಿ ಎಂದರೆ ಡಿಶ್. ರಬಕವಿಯ ದೊಡ್ಡ ಸಾಹುಕಾರರ ಮಾಳಿಗೆಗಳ ಮೇಲೆ ಅವು ಎಂದೋ ಬಂದು ಕೂತಿದ್ದವು.

ದೀಪಾವಳಿಯ ಮುಂದೆ ರಾಜಕುಮಾರ ಛತ್ರಿ ಹಾಕಿಸಿದ. ಅಷ್ಟಕ್ಕೇ ಸಮಾಧಾನವಾಗದೆ ಇಂಟರ್ನೆಟ್ಟಿನ ಸಣ್ಣ ಡಬ್ಬಿಯೊಂದನ್ನೂ ತಂದು ಟಿವಿಯ ಬೆನ್ನಿಗೆ ಸಿಕ್ಕಿಸಿದ. ಈಗ ಸೊಸೆ ನಿಜ ಹೇಳುವುದು ಕಾಂಚನಾಳಿಗೆ ಬಿಡುವಾದಾಗ. ಲಾಳಿಯೊಳಗಿನ ಕಂಡಕಿಯಲ್ಲಿ ಸುತ್ತಿದ ನೂಲು ಮುಗಿದರೆ ಸೊಸೆ ಬಾಯಿ ತೆರೆದಲ್ಲೇ ನಿಲ್ಲಬೇಕು. ಕಾಂಚನಾ ಹೊಸ ಕಂಡಕಿ ಹಾಕಿ ಬಂದು ಬಟನ್ ಒತ್ತಿದರೆ ಮಾತು ಮುಂದುವರಿಯಬೇಕು. ಇಂಥ ಅಧಿಕಾರ ಅವಳಿಗೆ ಆ ಮನೆಯಲ್ಲಿ ಬೇರೆ ಯಾರ ಮೇಲೂ ಇರಲಿಲ್ಲ.

ಮನೆಯಲ್ಲಿ ಇದಕ್ಕೆ ತಕರಾರು ತೆಗೆದವಳು ಅತ್ತೆ ದಾನಮ್ಮ ಒಬ್ಬಳೇ. ಹರೆಯದಿಂದಲೂ ಮಗ್ಗದ ಸಪ್ಪಳದಲ್ಲೇ ಬಾಳಿ ಅವಳ ಕಿವಿಗಳು ಹೆಚ್ಚುಕಡಿಮೆ ಹೋಗಿದ್ದವು. ಆದರೆ ಕಣ್ಣು ಚುರುಕು, ನಾಲ್ಕನೆಯ ಇಯತ್ತೆಯ ಓದು ಮರೆತಿರಲಿಲ್ಲ. ಕಾಶಪ್ಪನ ಕೇಬಲ್ಲಿನಲ್ಲಿ ಅವನದೇ ಒಂದು ಊರ ಚಾನೆಲ್ ಇತ್ತು. ಹಗಲೆಲ್ಲ ಹಳೆಯ ಭಜನೆ, ಜಾತ್ರೆ, ಕುಸ್ತಿಯ ಚಿತ್ರ. ಅವನ್ನು ಯಾರೂ ನೋಡುತ್ತಿರಲಿಲ್ಲ. ಎಲ್ಲರೂ ನೋಡುತ್ತಿದ್ದದ್ದು ಪರದೆಯ ಕೆಳಗೆ ಹರಿಯುವ ಅಕ್ಷರದ ಪಟ್ಟಿಯನ್ನು. ಯಾವ ಓಣಿಗೆ ಎಷ್ಟು ಹೊತ್ತಿಗೆ ನೀರು, ಎಲ್ಲಿ ಕರೆಂಟಿಲ್ಲ, ಯಾರ ಆಡು ಕಳೆದಿದೆ, ಯಾರು ತೀರಿಕೊಂಡರು, ಮಣ್ಣು ಎಷ್ಟು ಗಂಟೆಗೆ, ಎಲ್ಲ ಅದರಲ್ಲಿ ಬರುತ್ತಿತ್ತು. ದಾನಮ್ಮ ಬೆಳಗಿನಿಂದ ಅದರ ಮುಂದೆ ಕೂತು ತುಟಿ ಅಲ್ಲಾಡಿಸುತ್ತ ಓದುತ್ತಿದ್ದಳು.

"ನನಗ ಕಿವಿ ಎಲ್ಲ್ಯದಾವ ಬೇ? ಆ ಪಟ್ಟಿನ ನನ್ನ ಕಿವಿ. ಅದನ್ನೂ ಕೊಯ್ತೀರೇನು?" ಎಂದಳು.

ಮುದುಕರ ಮಾತನ್ನು ಯಾರು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ! ರಾಜಕುಮಾರ ಅವಳ ಕಿವಿಯಲ್ಲಿ ಕೂಗಿ, ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ದೇವರ ಸಿನಿಮಾ ಇವೆ ಎಂದು ಸಮಾಧಾನ ಮಾಡಿದ.

ಆ ಪಟ್ಟಿಗೆ ಬರೆಯುತ್ತಿದ್ದವಳು ಕಾಶಪ್ಪನ ಹೆಂಡತಿ ಬನಶಂಕರಿ. ಹಿಂದಿನ ಓಣಿಯಲ್ಲಿ ಅವರ ಮನೆ, ಮನೆಯ ಒಂದು ಕೋಣೆಯೇ ಕೇಬಲ್ ಆಫೀಸು. ಅಲ್ಲಿನ ಹಳೆ ಕಂಪ್ಯೂಟರಿನ ಮುಂದೆ ಕೂತು ಎರಡೇ ಬೆರಳಲ್ಲಿ ಅವಳು ಊರಿನ ಸುದ್ದಿ ಕುಟ್ಟುತ್ತಿದ್ದಳು. ಸತ್ತವರ ಬಗ್ಗೆ ಬರೆಯುವಾಗ ಮಾತ್ರ ಅವಸರ ಮಾಡುತ್ತಿರಲಿಲ್ಲ. 'ಯಾರ ಮನೆಯ ಮದುವೆಯಿದ್ದರೂ ಕರೆಯದೆಯೇ ಬಂದು ಅಡುಗೆಗೆ ನಿಲ್ಲುತ್ತಿದ್ದ ಚನಮಲ್ಲಪ್ಪನವರು ತೀರಿಕೊಂಡಿದ್ದಾರೆ' ಎಂದು ಬರೆದರೆ ಓದಿದವರಿಗೆ ಆ ಮನುಷ್ಯ ಸೌಟು ಹಿಡಿದು ಕಣ್ಣ ಮುಂದೆ ನಿಲ್ಲಬೇಕು. ಕೊನೆಯ ಸಾಲು ಮಾತ್ರ ಎಲ್ಲರಿಗೂ ಒಂದೇ: 'ಮಗ್ಗ ನಿಲ್ಲಿಸಬೇಕಾಗಿ ವಿನಂತಿ.'

ನೇಕಾರರ ಓಣಿಗಳಲ್ಲಿ ಹೆಣ ಮನೆಯಲ್ಲಿರುವ ತನಕ ಸುತ್ತಲಿನ ಯಾವ ಮಗ್ಗವೂ ಓಡುವುದಿಲ್ಲ. ಮಣ್ಣು ಮಾಡಿ ಬಂದವರು ಸ್ನಾನ ಮಾಡಿದ ಮೇಲೆಯೇ ಲಾಳಿ ಮುಟ್ಟುವುದು. ಸತ್ತವರು ಬಡವರಿರಲಿ, ಜಗಳಗಂಟರಿರಲಿ, ಇದರಲ್ಲಿ ರಿಯಾಯಿತಿಯಿಲ್ಲ. ಆದರೆ ಓಡುವ ಪಾವರ್‌ಲೂಮಿನ ಮುಂದೆ ನಿಂತವರಿಗೆ ಪಕ್ಕದಲ್ಲಿ ಸಿಡಿಲು ಬಿದ್ದರೂ ಕೇಳುವುದಿಲ್ಲ. ಅದಕ್ಕೇ ಈ ಪಟ್ಟಿ. ಕಾಂಚನಾಳ ಮನೆಯಲ್ಲಿ ದಾನಮ್ಮ ಪಡಸಾಲೆಯಲ್ಲಿ ಕೂತು ಅದನ್ನು ಓದಿ, ಮಗ್ಗದ ಕೋಣೆಯ ಬಾಗಿಲಿಗೆ ಬಂದು ಎರಡೂ ಕೈಗಳನ್ನು ಅಡ್ಡ ಹಿಡಿಯುತ್ತಿದ್ದಳು. ಅದನ್ನು ಕಂಡ ಕೂಡಲೇ ಕಾಂಚನಾ ಸ್ವಿಚ್ ಎಳೆಯುತ್ತಿದ್ದಳು. 'ಯಾರು?' ಎಂದು ಕೇಳುವುದು ಆಮೇಲೆ.

ಬನಶಂಕರಿಗೆ ದಾನಮ್ಮನ ಮೇಲೆ ವಿಶೇಷ ಅಕ್ಕರೆ. ಮಧ್ಯಾಹ್ನ ಊಟದ ಹೊತ್ತಿಗೆ ನೀರಿನ ಸುದ್ದಿ, ಕರೆಂಟಿನ ಸುದ್ದಿಯ ನಡುವೆ ಪಟ್ಟಿಯಲ್ಲಿ ಸುಮ್ಮನೆ ಒಂದು ಸಾಲು ಬಿಡುತ್ತಿದ್ದಳು: 'ದಾನಮ್ಮತ್ತಿ, ಊಟ ಆತೇನ್ರಿ?' ಊರಿಗೆ ಊರೇ ಓದಿ ನಗುತ್ತಿತ್ತು. ದಾನಮ್ಮ ಮಾತ್ರ ಗಂಭೀರವಾಗಿ ಟಿವಿಯ ಕಡೆಗೆ ತಿರುಗಿ, ಕಿವುಡರ ಗಟ್ಟಿ ದನಿಯಲ್ಲಿ, "ಆತವ್ವಾ, ಆತು" ಎನ್ನುತ್ತಿದ್ದಳು.

ಇನ್ನು ಕಾಂಚನಾ ಮತ್ತು ಬನಶಂಕರಿಯ ನಡುವಿನದು ಬೇರೆಯೇ ಲೆಕ್ಕ. ಕಾಂಚನಾ ಬೀಳಗಿಯಲ್ಲಿ ಕಿರಾಣಿ ಅಂಗಡಿ ಇಟ್ಟವರ ಮಗಳು. ಮದುವೆಯಾಗಿ ಬಂದಾಗ ಅವಳಿಗೆ ಮಗ್ಗದ ಗಂಧಗಾಳಿ ಇರಲಿಲ್ಲ. ಎಳೆ ಕಡಿದರೆ ಅಳುತ್ತ ನಿಲ್ಲುತ್ತಿದ್ದ ಹುಡುಗಿಗೆ ಗಂಟು ಹಾಕಲು ಕಲಿಸಿದವಳು ಬನಶಂಕರಿ. ಒಬ್ಬರ ಮನೆಯ ಸಾರಿನ ರುಚಿ ಇನ್ನೊಬ್ಬರ ನಾಲಿಗೆಗೆ ಗೊತ್ತಿತ್ತು. ಕೇಬಲ್ ಬಿಡುವ ವಿಷಯವನ್ನು ಮೊದಲು ಅವಳಿಗೆ ಬಾಯಿಬಿಟ್ಟು ಹೇಳಿದ್ದರೆ ಮುಗಿದುಹೋಗುತ್ತಿತ್ತು. ಕಾಂಚನಾಳಿಗೆ ಅದೇ ಸಂಕೋಚ. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎನ್ನುವಷ್ಟರಲ್ಲಿ ಮಾಳಿಗೆಯ ಮೇಲಿನ ಛತ್ರಿಯೇ ಹೇಳಿಬಿಟ್ಟಿತು.

ನಳದ ಹತ್ತಿರ ನಾಲ್ಕು ಮಂದಿ ಹೆಂಗಸರ ಎದುರಿಗೆ ಬನಶಂಕರಿ ನಗುತ್ತಲೇ ಕೇಳಿದಳು: "ಏನ್ ಕಾಂಚನಾ, ನಮ್ಮನ್ನ ಬಿಟ್ಟು ಛತ್ರಿ ಕೆಳಗ ನಿಂತೀ ಅಂತಲ್ಲ?"

ಚೇಷ್ಟೆಯ ಮಾತು. ಚೇಷ್ಟೆಯಲ್ಲೇ ಉತ್ತರ ಕೊಡಬಹುದಿತ್ತು. ಆದರೆ ಒಳಗೆ ತಪ್ಪಿನ ಮುಳ್ಳು ಚುಚ್ಚುತ್ತಿದ್ದವಳ ನಾಲಿಗೆ ಸೀದಾ ಹೊರಳುವುದಿಲ್ಲ. "ಮತ್ತೇನ್ ಮಾಡ್ಬೇಕವಾ? ಸತ್ತವರ ಸುದ್ದಿ ಬಿಟ್ರ ನಿಮ್ಮ ಟಿವಿಯೊಳಗ ನೋಡಾಕ ಏನೈತಿ?" ಎಂದುಬಿಟ್ಟಳು.

ಹೆಂಗಸರು ಬಿದ್ದು ಬಿದ್ದು ನಕ್ಕರು. ಬನಶಂಕರಿಯೂ ನಕ್ಕಳು. ಆಮೇಲೆ ಅರ್ಧವೇ ತುಂಬಿದ್ದ ಕೊಡವನ್ನು ಸೊಂಟಕ್ಕೆ ಏರಿಸಿಕೊಂಡು ಹೋದಳು. ಆ ಅರ್ಧ ಕೊಡ ಕಾಂಚನಾಳ ಕಣ್ಣಿಗೆ ಬಿತ್ತು, ಎದೆಗೂ ಬಿತ್ತು. ಹಿಂದೆ ಓಡಿಹೋಗಿ ಕೈ ಹಿಡಿಯಬೇಕೆನಿಸಿತು, ಹಿಡಿಯಲಿಲ್ಲ.

ಅವಳ ಮಾತು ಓಣಿಯಲ್ಲಿ ಹಾಡಾಯಿತು. ಒಂದು ಮನೆ ಬಿಟ್ಟಿದ್ದನ್ನು ನೋಡಿ ಇನ್ನೊಂದು ಮನೆ ಬಿಟ್ಟಿತು. ಯುಗಾದಿಯ ಹೊತ್ತಿಗೆ ಆ ಓಣಿಯಲ್ಲಿ ಕೇಬಲ್ ಇದ್ದ ಮನೆ ಹುಡುಕಿದರೂ ಇರಲಿಲ್ಲ. ಕಾಶಪ್ಪ ಮನೆಮನೆಗೆ ಬಂದು ಕೇಬಲ್ಲಿನ ಬಾಕ್ಸು ತೆಗೆದುಕೊಂಡು, ಕಂಬದಿಂದ ವೈರು ಕತ್ತರಿಸಿ, ಸುತ್ತಿಕೊಂಡು ಹೋದ. ಕಾಂಚನಾಳ ಮನೆಗೆ ಮಾತ್ರ ಬರಲಿಲ್ಲ. ಅವಳು ಅದನ್ನು ಸಿಟ್ಟೆಂದೇ ತಿಳಿದಳು. ಹೊಸ್ತಿಲು ತುಳಿಯಲಾರದಷ್ಟು ಸಿಟ್ಟಿದ್ದರೆ ಇರಲಿ ಎಂದು ಬಾಕ್ಸಿನ ಮೇಲೊಂದು ಅರಿವೆ ಹೊದಿಸಿ, ಅದರ ಪ್ಲಗ್ಗು ಕಿತ್ತಿಟ್ಟಳು. ಮಾಳಿಗೆಯ ಮೇಲೆ ಹಾದುಹೋಗುವ ಕರಿ ವೈರಿನ ಮೇಲೆ ಒದ್ದೆ ಟವೆಲು ಒಣಹಾಕತೊಡಗಿದಳು.

ಬನಶಂಕರಿಗೆ ಹೊಟ್ಟೆಯ ಬೇನೆ ಬಂದದ್ದು ಯುಗಾದಿಯ ನಂತರ. ಜಮಖಂಡಿಯಲ್ಲಿ ತೋರಿಸಿದರು, ಬಾಗಲಕೋಟೆಗೆ ಒಯ್ದರು, ತಿರುಗಿ ಮನೆಗೆ ಕರೆತಂದರು. ತಿರುಗಿ ಕರೆತಂದರೆಂದರೆ ಏನೆಂದು ಎಲ್ಲರಿಗೂ ಗೊತ್ತು. ಓಣಿಯ ಹೆಂಗಸರೆಲ್ಲ ಹೋಗಿ ನೋಡಿ ಬಂದರು. ಪಕ್ಕದ ಮನೆಯ ಹಣಮವ್ವ ಬಂದು, "ಭಾಳ ಇಳದಾಳವ್ವಾ. ಗುರ್ತ ಸಿಗಂಗಿಲ್ಲ. ನೀ ಯಾವಾಗ ಹೊಕ್ಕೀ?" ಎಂದು ಕೇಳಿದಾಗ ಕಾಂಚನಾ, "ಹೊಕ್ಕೀನಿ, ಹೊಕ್ಕೀನಿ" ಎಂದು ಮುಖ ತಿರುಗಿಸಿದಳು.

ಹೋಗಬೇಕು, ಕೈ ಹಿಡಿದು ತಪ್ಪಾಯಿತು ಅನ್ನಬೇಕು. ಬೇರೆ ಏನೂ ಬೇಕಿರಲಿಲ್ಲ ಅವಳಿಗೆ. ಆದರೆ ಬರಿಗೈಯಲ್ಲಿ ಹೇಗೆ ಹೋಗುವುದು? ಬನಶಂಕರಿ ಎಷ್ಟೋ ಸಲ ಛೇಡಿಸಿದ್ದಳು: "ಊರಿಗೆಲ್ಲ ಸೀರಿ ನೇಯ್ತಿ. ನನಗೊಂದು ಗಿಳಿಹಸರಂದು ನೇಯ್ದು ಕೊಟ್ಟೀಯೇನ?" ಕಾಂಚನಾ ಮನಸ್ಸಿನಲ್ಲೇ ನಿಶ್ಚಯಿಸಿದಳು. ಗಿಳಿಹಸಿರು ಸೀರೆ ನೇಯ್ದು ಮಡಿಲಿಗೆ ಹಾಕಿ ಮಾತು ಶುರು ಮಾಡುವುದು. ಸಾಹುಕಾರರ ಮಾಲು ಮುಗಿಯಲಿ ಎಂದು ಕೆಲವು ದಿನ ಹೋದವು. ಹಸಿರು ನೂಲಿನ ಬಣ್ಣ ಮನಸ್ಸಿಗೆ ಬರಲಿಲ್ಲವೆಂದು ಮತ್ತೆ ಕೆಲವು ದಿನ. ಆಮೇಲೆ ಒಂದು ಮಗ್ಗದ ಮೋಟರು ಸುಟ್ಟಿತು.

ಸೀರೆ ಇಲ್ಲದಿದ್ದರೇನು, ಐದು ನಿಮಿಷ ಹೋಗಿ ಕೂತು ಬಂದಿದ್ದರೆ ಯಾರು ಬೇಡ ಅನ್ನುತ್ತಿದ್ದರು? ಆದರೆ ಮನುಷ್ಯರ ಬುದ್ಧಿಯೇ ಹೀಗೆ. ಕೈಯಲ್ಲಿ ಏನಾದರೂ ಹಿಡಿದು ಹೋದರೆ ಬಾಯಿಗೆ ಕೆಲಸ ಕಡಿಮೆ ಬೀಳುತ್ತದೆ.

ಆ ಗುರುವಾರ ರಾಜಕುಮಾರ ಸುಟ್ಟ ಮೋಟರನ್ನು ಗಾಡಿಗೆ ಕಟ್ಟಿಕೊಂಡು ಬೆಳಿಗ್ಗೆಯೇ ಜಮಖಂಡಿಗೆ ಹೋದ. ಕಾಂಚನಾ ಉಳಿದ ಮೂರು ಮಗ್ಗ ಹಚ್ಚಿದಳು. ಬಾಗಿಲ ಹತ್ತಿರದ ಮಗ್ಗದಲ್ಲಿ ಹಸಿರು ಸೀರೆ ಹಿಂದಿನ ದಿನವೇ ಶುರುವಾಗಿತ್ತು. ಕರಿ ಹಾಸಿನ ಎಳೆಗಳ ಮೇಲೆ ಗಿಳಿಹಸಿರು ಹೊಕ್ಕಿನ ಎಳೆ ಬೀಳುತ್ತಿದ್ದರೆ, ಮಳೆ ಬಿದ್ದ ಮರುದಿನದ ಹೊಲದ ಹಾಗೆ ಕಾಣುತ್ತಿತ್ತು. ಇವತ್ತು ಮಧ್ಯಾಹ್ನದ ಒಳಗೆ ಕತ್ತರಿಸಿ ಇಳಿಸಿ, ಸಂಜೆಗೆ ಹೋಗಿಯೇ ಬಿಡುವುದು ಎಂದು ಎರಡೂ ಕಿವಿಗೆ ಅರಳೆ ತುರುಕಿಕೊಂಡು ನಿಂತಳು. ಅಂದು ಅವಳಿಗೆ ಬಹಳ ದಿನಗಳ ಮೇಲೆ ಸಮಾಧಾನವಾಗಿತ್ತು. ಏನು ಮಾತಾಡಬೇಕೆಂಬುದನ್ನೂ ಕೂಡಿಸಿಕೊಂಡಿದ್ದಳು.

ಒಂದೆರಡು ಸಲ ಬಾಗಿಲಾಚೆ ಸೆರಗು ಹೊದ್ದ ಹೆಂಗಸರು ಸರಸರ ಹೋದದ್ದು ಕಂಡಿತು. ಯಾರದೋ ಮನೆಯ ಕಾರ್ಯವಿರಬೇಕು ಎಂದುಕೊಂಡಳು. ಅಕ್ಕಪಕ್ಕದ ಮನೆಗಳ ಮಗ್ಗ ಒಂದೊಂದಾಗಿ ನಿಂತದ್ದು ಅವಳ ಮೂರು ಮಗ್ಗದ ಸಪ್ಪಳದಲ್ಲಿ ತಿಳಿಯಲಿಲ್ಲ. ದಾನಮ್ಮ ಪಡಸಾಲೆಯಲ್ಲಿ ಯಾವುದೋ ದೇವರ ಸಿನಿಮಾ ನೋಡುತ್ತ ಕೂತಿದ್ದಳು. ಟಿವಿಗೆ ಇಂಟರ್ನೆಟ್ ಕೊಡಲೆಂದು ಕಾಂಚನಾಳ ಫೋನು ಅದರ ಪಕ್ಕದಲ್ಲೇ ಬಿದ್ದಿತ್ತು. ಫೋನಿನಲ್ಲಿದ್ದ ಓಣಿಯ ಗುಂಪಿನಲ್ಲಿ ಸುದ್ದಿ ಬಂದದ್ದು ಖರೆ. ಆದರೆ ಬೆಳಗಾದರೆ ನೂರು ಹೂವಿನ ಚಿತ್ರ ಬಂದು ಬೀಳುವ ಆ ಗುಂಪಿನ ಬಾಯಿಯನ್ನು ಅವಳು ಎಂದೋ ಮುಚ್ಚಿಟ್ಟಿದ್ದಳು.

ಬಾಗಿಲಲ್ಲಿ ಬೆಳಕು ಕಡಿಮೆಯಾಯಿತು. ರಾಜಕುಮಾರ ಬಂದನೇನೋ ಎಂದು ಕಾಂಚನಾ ತಿರುಗಿದಳು.

ಕಾಶಪ್ಪ ನಿಂತಿದ್ದ. ತಲೆಯ ಮೇಲಿಂದ ನೀರು ಸುರಿದುಕೊಂಡಿದ್ದ ಅವನ ಧೋತರ ಮೈಗೆ ಅಂಟಿತ್ತು. ಹೆಗಲ ಮೇಲೆ ಒದ್ದೆ ಟವೆಲಿತ್ತು. ಅವಳ ಮುಖವನ್ನು ನೋಡದೆ, ನೆಟ್ಟಗೆ ಗೋಡೆಯ ಕಡೆಗೆ ನಡೆದು, ಸ್ವಿಚ್ಚಿನ ಹಿಡಿಕೆಯನ್ನು ಕೆಳಗೆ ಎಳೆದ. ಮಗ್ಗಗಳು ಒಂದರ ಹಿಂದೊಂದು ಏದುಸಿರು ಬಿಟ್ಟು ನಿಂತವು. ಕಾಂಚನಾ ಕಿವಿಯೊಳಗಿನ ಅರಳೆ ಕಿತ್ತಳು. ಹೊರಗೆ ಜನರಿದ್ದರು, ಬಹಳ ಜನ. ಭಜನೆಯ ತಾಳ ಅರ್ಧಕ್ಕೆ ನಿಂತಿತ್ತು.

"ಟಿವಿಯೊಳಗ ಹಾಕಿದ್ನೆಲ್ಲವ್ವಾ. ನೋಡಲಿಲ್ಲೇನು?" ಎಂದ ಕಾಶಪ್ಪ.

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಅವಳು ಹೇಗೋ ತಡೆದುಕೊಳ್ಳುತ್ತಿದ್ದಳು. ಅವನು ತಿರುಗಿ ಹೊರಗೆ ಹೋದ. ತಾಳ ಮತ್ತೆ ಶುರುವಾಯಿತು. ಬಾಗಿಲಿಗೆ ಬಂದ ಕಾಂಚನಾಳ ಎದುರಿನಲ್ಲಿ, ನಾಲ್ಕು ಹೆಗಲ ಮೇಲೆ, ಹಣೆ ತುಂಬ ಕುಂಕುಮ ಹಚ್ಚಿಕೊಂಡು ಬನಶಂಕರಿ ಹೋದಳು. ಮುತ್ತೈದೆಯಾಗಿ ಹೋದವಳಿಗೆ ಹಸಿರು ಸೀರೆ ಉಡಿಸಿದ್ದರು. ಅಂಗಡಿಯಿಂದ ತಂದ, ಇನ್ನೂ ಮಡಿಕೆಯ ಗೆರೆ ಹೋಗದ ಸೀರೆ.

ಕಾಂಚನಾ ಬರಿಗಾಲಲ್ಲಿ ಹಿಂದೆ ಓಡಿದಳು. ಓಣಿಯ ತುದಿಯಲ್ಲಿ ಹೆಂಗಸರೆಲ್ಲ ನಿಂತಿದ್ದ ಕಡೆ ಇವಳೂ ಹೋಗಿ ನಿಂತಾಗ, ಅಕ್ಕಪಕ್ಕದವರು ಒಂದೊಂದು ಹೆಜ್ಜೆ ಸರಿದರು.

"ನೀ ಅಲ್ಲೇ ಇರ್ತಿ ಅಂತ ತಿಳಕೊಂಡಿದ್ನೆವ್ವಾ," ಎಂದಳು ಹಣಮವ್ವ, ಸಂಜೆ. "ನಸುಕಿನ್ಯಾಗ ಹೋಗಿ ಒಳಗ ಹೆಣದ ಮುಂದ ಕುಂತಿರ್ತಾಳ, ಆಕಿಗೆ ನಾವೇನ್ ಹೇಳೂದು ಅಂದ್ಕೊಂಡ್ವಿ. ಮಗ್ಗದ ಸಪ್ಪಳ ಕೇಳಿಸ್ತು. ಯಾರದಿರಬಹುದು ಅಂತ ಎಲ್ಲಾರೂ ಕೇಳಿದ್ರು. ನಿಂದು ಅಂತ ಯಾರಿಗೂ ಅನಸ್ಲೇ ಇಲ್ಲ."

ಅದು ಸಮಾಧಾನದ ಮಾತೋ ಚುಚ್ಚುಮಾತೋ ಹಣಮವ್ವನಿಗೂ ಗೊತ್ತಿರಲಿಕ್ಕಿಲ್ಲ. ರಾಜಕುಮಾರ ಮಾತ್ರ ಸುದ್ದಿ ಕೇಳಿ ಕೆಂಡವಾದ. "ನಮ್ಮನಿಯೊಳಗ ಕೇಬಲ್ ಇಲ್ಲ ಅನ್ನೂದು ಅವಗ ಗೊತ್ತಿಲ್ಲೇನು? ಗೊತ್ತಿದ್ದೂ ಟಿವಿಯೊಳಗ ಹಾಕಿದ್ನಿ ಅಂತಾನಂದ್ರ, ನಾಕು ಮಂದಿ ಮುಂದ ಬೇಕಂತ ಚುಚ್ಚ್ಯಾನ," ಎಂದ. ಕಾಂಚನಾಳಿಗೂ ಹಾಗೆಯೇ ಅನಿಸಿತ್ತು. ಚುಚ್ಚಲಿ, ಚುಚ್ಚಿಸಿಕೊಳ್ಳುವ ಕೆಲಸವನ್ನೇ ಮಾಡಿದ್ದೇನೆ ಎಂದುಕೊಂಡಳು. ಸತ್ತವರ ಸುದ್ದಿ ಬಿಟ್ಟರೆ ನಿಮ್ಮ ಟಿವಿಯೊಳಗೆ ಏನಿದೆ ಎಂದು ಕೇಳಿದ್ದ ಅವಳದೇ ದನಿ ಮತ್ತೆ ಮತ್ತೆ ಕಿವಿಗೆ ಬರುತ್ತಿತ್ತು. ಅದಕ್ಕೆ ತುರುಕಲು ಅರಳೆ ಎಲ್ಲಿದೆ?

ಮೂರನೆಯ ದಿನ ಹಾಲುತುಪ್ಪದ ಶಾಸ್ತ್ರ. ಕಾಂಚನಾ ಮನಸ್ಸು ಗಟ್ಟಿ ಮಾಡಿ, ಅನ್ನ ಸಾರಿನ ಡಬ್ಬಿ ಕಟ್ಟಿಕೊಂಡು ಆ ಮನೆಗೆ ಹೋದಳು. ಪಡಸಾಲೆಯಲ್ಲಿ ಮುಧೋಳದ ಕಡೆಯ ನೆಂಟರು ಕೂತಿದ್ದರು. ಅವಳು ಒಳಗೆ ಕಾಲಿಟ್ಟಾಗ ಮುದುಕಿಯೊಬ್ಬಳು ಪಕ್ಕದವಳನ್ನು ಕೇಳಿದಳು: "ಈಕಿ ಯಾರ ಬೇ?"

"ಮಗ್ಗ ಹೊಡದಾಕಿ."

ಮೆಲ್ಲಗೇ ಹೇಳಿದ್ದು, ಆದರೂ ಕೇಳಿಸಿತು. ಇಷ್ಟು ವರ್ಷ ಈ ಊರಿನಲ್ಲಿ ಬಾಳಿ ಅವಳು ಗಳಿಸಿದ ಹೆಸರು ಇದಾಯಿತು. ಇನ್ನು ಮುಂದೆ ಯಾವ ಮದುವೆಗೆ ಹೋದರೂ, ಯಾವ ಸೀಮಂತಕ್ಕೆ ಹೋದರೂ, ಕೇಳುವವರಿಗೆ ಹೀಗೆಯೇ ಹೇಳುತ್ತಾರೆ. ಜೀವದ ಗೆಳತಿಯ ಹೆಣ ಹೋಗುವಾಗ ಮಗ್ಗ ಹೊಡೆದವಳು.

ಕಾಶಪ್ಪ ಕಂಬಕ್ಕೆ ಒರಗಿ ಕೂತಿದ್ದ. ಹಿಂದೆ, ಕೋಣೆಯ ತೆರೆದ ಬಾಗಿಲಲ್ಲಿ ಆ ಹಳೆ ಕಂಪ್ಯೂಟರು, ಅದರ ಮುಂದಿನ ಖಾಲಿ ಸ್ಟೂಲು ಕಾಣುತ್ತಿತ್ತು. ಸ್ಟೂಲಿನ ಮೇಲೆ ಬನಶಂಕರಿ ಕೂರುತ್ತಿದ್ದ ಕೌದಿಯ ತುಂಡು ಹಾಗೇ ಇತ್ತು. ಕಾಂಚನಾ ಡಬ್ಬಿಯನ್ನು ಕೆಳಗಿಟ್ಟಳು.

"ಆಯಿ ಆರಾಮ ಅದಾಳಿಲ್ಲ?" ಎಂದು ಕಾಶಪ್ಪನೇ ಕೇಳಿದ. ದಾನಮ್ಮನ ಬಗ್ಗೆ ಕೇಳಿದ್ದು. ಕಾಂಚನಾ ತಲೆಯಾಡಿಸಿ ಹೊರಗೆ ಬಂದುಬಿಟ್ಟಳು.

ಮನೆಗೆ ಬಂದರೆ ರಾಜಕುಮಾರ ರಿಪೇರಿಯಾದ ಮೋಟರು ಕೂರಿಸಿ ನಾಲ್ಕೂ ಮಗ್ಗ ಹಚ್ಚಿದ್ದ. ಮೂರು ದಿನದಿಂದ ನಿಂತಿದ್ದ ಹಸಿರು ಸೀರೆಯ ಮೇಲೆ ಲಾಳಿ ಮತ್ತೆ ಓಡುತ್ತಿತ್ತು. ಕಾಂಚನಾ ಅದನ್ನು ನೋಡಲಾರದೆ ಪಡಸಾಲೆಗೆ ಬಂದು ಗೋಡೆಗೆ ತಲೆಯಾನಿಸಿ ಕೂತಳು. ದಾನಮ್ಮ ಸೊಸೆಯ ಮುಖ ನೋಡಿದಳು.

"ಏನಂದ?"

ಕಾಂಚನಾ ಏನೂ ಇಲ್ಲವೆಂದು ಕೈಯಾಡಿಸಿದಳು.

"ಅವತ್ತ ಮಗ್ಗ ಬಂದ್ ಮಾಡಿ ಏನಂದ ಅಂವ? ಯಾರೂ ನನಗ ಹೇಳ್ಲೇ ಇಲ್ಲ," ಎಂದಳು ಮುದುಕಿ.

ಕಾಂಚನಾಳಿಗೆ ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದವು. ಅತ್ತೆಯ ಕಿವಿಯ ಹತ್ತಿರ ಬಾಯಿ ಒಯ್ದು ಕೂಗಿದಳು: "ಟಿವಿಯೊಳಗ ಹಾಕಿದ್ನಿ, ನೋಡಲಿಲ್ಲೇನು ಅಂದ!"

ದಾನಮ್ಮ ಅರಿವೆ ಹೊದಿಸಿದ್ದ ಕೇಬಲ್ ಬಾಕ್ಸಿನ ಕಡೆಗೆ ನೋಡಿದಳು. "ಹಂಗಾರ ಹಾಕಿರ್ತಾನ," ಎಂದಳು. "ಕಾಶಪ್ಪ ಸುಳ್ಳ ಹೇಳಾಂವಲ್ಲ. ಹಚ್ಚು, ನೋಡೂಣು."

"ಏನ್ ಹಚ್ಚಲಿ ಬೇ? ನಮ್ಮದು ಕೇಬಲ್ ಎಲ್ಲೈತಿ? ಬಿಟ್ಟು ಎಷ್ಟ ತಿಂಗಳಾತು!"

"ಡಬ್ಬಿ ಇಲ್ಲೇ ಐತೆಲ್ಲ. ಹಚ್ಚಂದ್ರ ಹಚ್ಚು."

ಮುದುಕಿಯ ಹಟ ಸಣ್ಣದಲ್ಲ. ಅವಳ ಬಾಯಿ ಮುಚ್ಚಿಸಿದರೆ ಸಾಕೆಂದು ಕಾಂಚನಾ ಎದ್ದು, ಬಾಕ್ಸಿನ ಮೇಲಿನ ಅರಿವೆ ಎಳೆದು, ಧೂಳು ಒರೆಸದೆ ಪ್ಲಗ್ಗು ಚುಚ್ಚಿದಳು. ಹಳೆ ರಿಮೋಟು ಹುಡುಕಿ ಒತ್ತಿದಳು. ಒಂದೊಂದು ಚಾನೆಲ್ಲೂ ಕಪ್ಪಾಗಿತ್ತು, ಹಣ ಕಟ್ಟಿಲ್ಲವೆಂದು ಹೇಳುತ್ತಿತ್ತು. ಇನ್ನೊಮ್ಮೆ ಒತ್ತಿದಳು.

ಭಜನೆಯ ಮೇಳವೊಂದು ಪರದೆ ತುಂಬ ಮೂಡಿತು. ಊರ ಚಾನೆಲ್.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಓಣಿಗೆ ಓಣಿಯದೇ ವೈರು ಕತ್ತರಿಸಿದ ಮೇಲೆ ಚಿತ್ರ ಎಲ್ಲಿಂದ ಬರಬೇಕು? ಆಮೇಲೆ, ಮಾಳಿಗೆಯ ಮೇಲೆ ತಾನು ಟವೆಲು ಒಣಹಾಕುತ್ತಿದ್ದ ಕರಿ ವೈರು ಕಣ್ಣ ಮುಂದೆ ಬಂತು. ಓಣಿಯ ಎಲ್ಲ ಮನೆಯ ವೈರು ಸುತ್ತಿಕೊಂಡು ಹೋದವನು ಇದೊಂದನ್ನು ಹಾಗೇ ಬಿಟ್ಟಿದ್ದ. ದೀಪಾವಳಿಯಿಂದ ಇಲ್ಲಿಯ ತನಕ ಅದು ಒಂದು ದಿನವೂ ಕಡಿದಿರಲಿಲ್ಲ. ಅವನು ಚುಚ್ಚಿರಲಿಲ್ಲ. ನೋಡಲಿಲ್ಲವೇ ಎಂದು ಕೇಳಿದ್ದ ಅಷ್ಟೇ. ಅವಳು ನೋಡುತ್ತಾಳೆಂದು ನಂಬಿ ಕೇಳಿದ್ದ.

ಕೆಳಗೆ ಪಟ್ಟಿ ಹರಿಯತೊಡಗಿತು. ದಾನಮ್ಮ ಮುಂದಕ್ಕೆ ಬಾಗಿ, ಬೆರಳು ಚಾಚಿ, ಅಕ್ಷರ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು.

"ಬನಶಂಕರಿ... ಕಾಶಪ್ಪನ ಹೆಂಡತಿ... ತೀರಿಕೊಂಡಿದ್ದಾಳೆ. ಮಗ್ಗ... ನಿಲ್ಲಿಸಬೇಕಾಗಿ... ವಿನಂತಿ."

ಅಷ್ಟೇ ಇತ್ತು. ಊರಿನ ಸತ್ತವರಿಗೆಲ್ಲ ಒಂದೊಂದು ಒಳ್ಳೆ ಮಾತು ಬರೆದವಳಿಗೆ ಬರೆಯಲು ಕಾಶಪ್ಪನಿಗೆ ಮಾತು ಸಿಕ್ಕಿರಲಿಲ್ಲ. ಅದನ್ನು ತೆಗೆದುಹಾಕಲೂ ಮೂರು ದಿನದಿಂದ ಮನಸ್ಸು ಬಂದಿರಲಿಲ್ಲ. ಅದರ ಹಿಂದೆ ಬನಶಂಕರಿ ಹಾಸಿಗೆ ಹಿಡಿಯುವ ಮುಂಚೆ ಕುಟ್ಟಿಟ್ಟ ಹಳೆಯ ಸಾಲುಗಳು ಇನ್ನೂ ಹಾಗೇ ಬರುತ್ತಿದ್ದವು. ಎಂದೋ ಬಂದುಹೋದ ನೀರಿನ ಸುದ್ದಿ, ಎಂದೋ ಸಿಕ್ಕ ಆಡಿನ ಸುದ್ದಿ. ದಾನಮ್ಮ ಅವನ್ನೂ ಬಿಡದೆ ಓದುತ್ತ ಹೋದಳು. ಓದುತ್ತ ಓದುತ್ತ ತಡೆದಳು. ಮುಖ ಒಮ್ಮೆಲೇ ಸಣ್ಣ ಹುಡುಗಿಯ ಹಾಗೆ ಅರಳಿತು.

"ದಾನಮ್ಮತ್ತಿ... ಊಟ... ಆತೇನ್ರಿ?"

ಓಣಿಯಲ್ಲಿ ಓದುವವರು ಯಾರೂ ಉಳಿಯದ ಮೇಲೂ ಬನಶಂಕರಿ ಅದನ್ನು ಬರೆಯುವುದು ಬಿಟ್ಟಿರಲಿಲ್ಲ.

ದಾನಮ್ಮ ಸೆರಗು ಸರಿ ಮಾಡಿಕೊಂಡು ಟಿವಿಯ ಕಡೆಗೆ ತಿರುಗಿ ಕೂತಳು. "ಆತವ್ವಾ, ಆತು," ಎಂದಳು. ಆಮೇಲೆ ಸತ್ತವಳು ಯಾರೆಂಬುದು ನೆನಪಾಗಿ, ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಕಾಂಚನಾ ಎದ್ದು ಮಗ್ಗದ ಕೋಣೆಗೆ ಹೋದಳು. ನಾಲ್ಕೂ ಮಗ್ಗ ಓಡುತ್ತಿದ್ದವು. ರಾಜಕುಮಾರ ಹಸಿರು ಸೀರೆಯ ಮೇಲೆ ಬಾಗಿ ನಿಂತಿದ್ದ. ಇನ್ನು ಒಂದು ಗೇಣು ನೇಯ್ದರೆ ಸೆರಗು ಮುಗಿಯುತ್ತಿತ್ತು. ಅವಳು ಗೋಡೆಯ ಹತ್ತಿರ ಹೋಗಿ ಹಿಡಿಕೆಯನ್ನು ಕೆಳಗೆ ಎಳೆದಳು.

ಸಪ್ಪಳ ನಿಂತಾಗ ರಾಜಕುಮಾರ ತಲೆಯೆತ್ತಿ ನೋಡಿದ. ಮಗ್ಗ ನಿಂತರೆ ಈ ಮನೆಯಲ್ಲಿ ಕೇಳುವುದು ಒಂದೇ ಪ್ರಶ್ನೆ.

"ಯಾರ ತೀರಕೊಂಡ್ರು?" ಎಂದ.

"ಬನಶಂಕರಿ," ಎಂದಳು ಕಾಂಚನಾ.